ಡಬ್ಬಿಯ ತಳದ ಚೀಟಿ

ನಮ್ಮೂರಲ್ಲಿ ಸುಳ್ಳು ಬರೆದ ಚೀಟಿ ಅಂಟುವುದಿಲ್ಲ. ಎಷ್ಟು ಗೋಂದು ಬಳಿದರೂ, ಮೊಳೆ ಹೊಡೆದರೂ, ಗಳಿಗೆಯೊಳಗೆ ಕಳಚಿ ಬೀಳುತ್ತದೆ. ನಿಜ ಬರೆದದ್ದು ಅಂಟಿತೆಂದರೆ, ಆ ನಿಜ ಇರುವ ತನಕ ಅದನ್ನು ಕೀಳಲು ಯಾರಪ್ಪನಿಂದಲೂ ಆಗುವುದಿಲ್ಲ. 'ಮನೆ ಬಾಡಿಗೆಗಿದೆ' ಎಂಬ ಹಲಗೆ ಯಾರಾದರೂ ಒಪ್ಪಿದ ಕೂಡಲೇ ತಾನಾಗಿ ಉದುರುತ್ತದೆ. ಹಾಲಿನ ಕ್ಯಾನಿಗೆ 'ನೀರು ಬೆರೆಸಿಲ್ಲ' ಎಂದು ಅಂಟಿಸಿಕೊಂಡು ಹೊರಟವನು ಮೂರನೇ ಬೀದಿ ಮುಟ್ಟುವಷ್ಟರಲ್ಲಿ ಚೀಟಿ ಕೆಳಗೆ ಬಿದ್ದಿದ್ದರೆ, ಹೆಂಗಸರು ನಕ್ಕು ಚೊಂಬು ತಿರುಗಿಸಿಕೊಂಡು ಒಳಗೆ ಹೋಗುತ್ತಾರೆ. ಗಂಡ ದೂರದೂರಲ್ಲಿ ದುಡಿಯುತ್ತಿದ್ದರೆ ಹೆಂಡತಿ ಬೆಳಗೆದ್ದು ಮೊದಲು ನೋಡುವುದು ಬಾಗಿಲ ಮೇಲೆ ಅವನ ಹೆಸರು ಇದೆಯೋ ಇಲ್ಲವೋ ಎಂದು.

ಹಾಗಾಗಿ ಇಲ್ಲಿಯ ಜನ ಓದುವುದಿಲ್ಲ, ಜಗ್ಗುತ್ತಾರೆ. ಅಂಗಡಿಯಲ್ಲಿ ಪೊಟ್ಟಣ ಕೈಗೆತ್ತಿಕೊಂಡು, ಚೀಟಿಯ ಮೂಲೆಗೆ ಉಗುರು ಹಾಕಿ ಒಮ್ಮೆ ಜಗ್ಗುವುದು. ಬರಲಿಲ್ಲವೋ, "ಗಟ್ಟಿ ಐತೆ" ಎಂದು ಚೀಲಕ್ಕೆ ಇಳಿಸುವುದು. ಏನು ಗಟ್ಟಿ, ಯಾವ ಮಾತು ಗಟ್ಟಿ ಎಂದು ಕೇಳುವವರಿಲ್ಲ. ಮಕ್ಕಳು ಅಆಇಈ ಕಲಿಯುವ ಮೊದಲು ಜಗ್ಗುವುದನ್ನು ಕಲಿಯುತ್ತವೆ. ಆಮೇಲೆ ಅಆಇಈ ಕಲಿತು ಏನಾಗಬೇಕಿದೆ ಎಂದು ಅಪ್ಪಂದಿರು ಶಾಲೆ ಬಿಡಿಸುತ್ತಾರೆ.

ನಾನು ದುರುಗಮ್ಮ. ಊರ ಮಿಠಾಯಿ ಕಾರ್ಖಾನೆಯ ಚೀಟಿ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹದಿನೇಳನೇ ಮಣೆಯವಳು. ನಾವು ನಲವತ್ತು ಹೆಂಗಸರು ಸಾಲಾಗಿ ಕೂತು ಡಬ್ಬಿಗಳಿಗೆ ಚೀಟಿ ಹಚ್ಚುತ್ತೇವೆ. ಹಚ್ಚಿದ ಮೇಲೆ ಮೂಲೆಗೆ ನಮ್ಮ ನಮ್ಮ ಮಣೆಯ ಅಂಕಿಯ ಮುದ್ರೆ ಒತ್ತುತ್ತೇವೆ. ನನಗೆ ಓದು ಬರುತ್ತದೆ. ವಾರಕ್ಕೆರಡು ಸಂಜೆ ಇಮಾಂಸಾಬಣ್ಣನ ಸೈಕಲ್ ಅಂಗಡಿಯ ಹಿಂದುಗಡೆ ಏಳೆಂಟು ಜನ ಸೇರಿ ಪುಸ್ತಕ ಓದಿ ಜಗಳವಾಡುತ್ತೇವೆ. ಇಮಾಂಸಾಬಣ್ಣ ಹಿಂದೆ ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು, ಅಕ್ಷರಗಳನ್ನು ತಲೆಕೆಳಗಾಗಿಯೂ ಓದಬಲ್ಲವನು. ಅವನ ಅಂಗಡಿಯಲ್ಲಿ ಕೂತು ದುಡಿಯುವವರ ಹಕ್ಕಿನ ಬಗ್ಗೆ ಗಂಟಲು ಹರಿಯುವಂತೆ ಓದಿದವಳು ನಾನು. ಹಗಲು ಹೊತ್ತು ನನ್ನದೇ ಕೈಯಲ್ಲಿ ದಿನಕ್ಕೆ ಎಂಟುನೂರು ಚೀಟಿ ಹಾದುಹೋಗುತ್ತಿದ್ದವು. ಒಂದನ್ನೂ ಓದಿರಲಿಲ್ಲ. ಈ ಕಥೆಯಲ್ಲಿ ಮೊದಲ ತಪ್ಪಿತಸ್ಥೆ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಉಳಿದವರ ಹೆಸರು ಹಿಡಿಯಲು ನನಗೆ ನಾಲಿಗೆ ಬೇಕು.

ಹೋದ ವರ್ಷ ಊರಸಭೆ ಭಂಗಿ ಸೊಪ್ಪಿನ ಮಿಠಾಯಿಗೆ ಪರವಾನಗಿ ಕೊಟ್ಟಿತು. ಅದಕ್ಕೆ ನನ್ನ ತಕರಾರಿಲ್ಲ. ನಮ್ಮಜ್ಜಂದಿರು ಭಂಗಿ ಸೇದಿ ತತ್ವಪದ ಹಾಡಿದವರು, ಮಂಡಿನೋವಿಗೆ ಅದರ ಎಲೆ ಕಟ್ಟಿಕೊಂಡವರು. ದೊಡ್ಡವರು ತಿಳಿದು ತಿಂದರೆ ಅದು ಅವರ ಪಾಡು. ಸಭೆಯ ಷರತ್ತು ಒಂದೇ ಇತ್ತು: 'ಎಚ್ಚರಿಕೆಯ ಚೀಟಿ ಅಂಟಿರತಕ್ಕದ್ದು.' ಎಲ್ಲಿ, ಎಷ್ಟು ದೊಡ್ಡದು, ಯಾವ ಮಾತಿನಲ್ಲಿ ಎಂದು ಬರೆದಿರಲಿಲ್ಲ. ಕಾರ್ಖಾನೆಯ ಮಾಲೀಕ ಸದಾನಂದಯ್ಯ ಸಾದಾ ಬರ್ಫಿಯ ಹಳದಿ ಡಬ್ಬಿಗಳನ್ನು ಲಕ್ಷಗಟ್ಟಲೆ ತರಿಸಿಟ್ಟಿದ್ದರು. ಭಂಗಿ ಬರ್ಫಿಯನ್ನೂ ಅದರಲ್ಲೇ ತುಂಬಿಸಿದರು. ಮುಚ್ಚಳದ ಮೇಲೆ ಅಂಗೈಯಗಲದ ಚೀಟಿ: 'ತಂಗಾಳಿ ಬರ್ಫಿ. ಹಾಲು, ಸಕ್ಕರೆ, ಏಲಕ್ಕಿ ಇದೆ.' ನಿಜವೇ. ಗಟ್ಟಿಯಾಗಿ ಅಂಟಿತು. ತಳದಲ್ಲಿ ಹೆಬ್ಬೆರಳ ಉಗುರಿನಷ್ಟು ಇನ್ನೊಂದು, ಸಾಸಿವೆ ಕಾಳಿನಂಥ ಅಕ್ಷರದಲ್ಲಿ: 'ಭಂಗಿ ಸೊಪ್ಪಿನ ಅಂಶವಿದೆ. ಸೇವನೆ ಎಲ್ಲರಿಗೂ ಹಿತವಾಗಲಾರದು.' ಅದೂ ನಿಜವೇ. ಅದೂ ಅಂಟಿತು.

ನನ್ನ ಅಕ್ಕ ಹೊನ್ನಮ್ಮ ನಮ್ಮ ಕೋಣೆಯ ಹೆಂಗಸರ ಮಕ್ಕಳನ್ನು ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾಳೆ. ಹಗಲೆಲ್ಲ ಹನ್ನೆರಡು ಮಕ್ಕಳು ಅವಳ ಸೆರಗಿಗೆ ಜೋತುಬಿದ್ದಿರುತ್ತವೆ. ಅವಳದೇ ಮಗಳು ಗುಲಾಬಿ ಹದಿಮೂರನೆಯದು. ಗುಲಾಬಿಗೆ ನಾಲ್ಕು ತುಂಬಿದ ದಿನ, ಭಾನುವಾರ, ಬೇರೆ ಮಕ್ಕಳಿರಲಿಲ್ಲ. ಅಕ್ಕ ಬೀದಿಯ ಅಂಗಡಿಯಿಂದ ಹಳದಿ ಡಬ್ಬಿ ತಂದಳು. ಮುಚ್ಚಳದ ಚೀಟಿ ಜಗ್ಗಿದಳು, ಗಟ್ಟಿ ಇತ್ತು. ಮಗಳಿಗೆ ಊಟಕ್ಕೆ ಮುಂಚೆ ಒಂದು ತುಂಡು, ಊಟವಾದ ಮೇಲೆ ಹಠ ಮಾಡಿದ್ದಕ್ಕೆ ಇನ್ನೊಂದು ತುಂಡು ಕೊಟ್ಟಳು. ಒಂದೂವರೆ ಗಂಟೆ ಮಗು ಆಡಿಕೊಂಡೇ ಇತ್ತು. ಆಮೇಲೆ ಹೊಸ್ತಿಲು ದಾಟುವಾಗ ಕಾಲು ತೊಡರಿ ಬಿತ್ತು. ಎತ್ತಿದರೆ ಕತ್ತು ನಿಲ್ಲಲಿಲ್ಲ.

ಅಕ್ಕನೂ ನಾನೂ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಏನು ತಿಂದಿದೆ ಮಗು?"

"ಅನ್ನ, ಸಾರು. ಬರ್ಫಿ. ಚೀಟಿ ಜಗ್ಗಿ ನೋಡೇ ಕೊಟ್ಟೆ ತಾಯಿ, ಗಟ್ಟಿ ಇತ್ತು" ಎಂದಳು ಅಕ್ಕ.

ಹಾವು ಕಚ್ಚಿದೆಯೋ ಎಂದು ಅಂಗಾಲು ನೋಡಿದರು. ಜ್ವರ ತಲೆಗೇರಿದೆಯೋ ಎಂದು ಬೆನ್ನು ಬಗ್ಗಿಸಿ ಸೂಜಿ ಚುಚ್ಚಿ ನೋಡಿದರು. ಎರಡು ಗಂಟೆ ಹೀಗೇ ಹೋಯಿತು. ಮಗುವಿನ ಉಸಿರು ನಿಧಾನವಾಗುತ್ತ ಹೋಗಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾನು ಅಂಕಿ ಎಣಿಸುವಂತಾಯಿತು. ಕೊನೆಗೆ ಡಾಕ್ಟರಮ್ಮನೇ ಡಬ್ಬಿ ತರಿಸಿ ಬೋರಲು ಹಾಕಿ ಕನ್ನಡಕ ಏರಿಸಿ ಓದಿದರು. ಅವರು ಈ ಊರಿನವರಲ್ಲ. ಓದಿ ಅವರು ಬೈಯಲಿಲ್ಲ, ಕೂಗಲಿಲ್ಲ. ಡಬ್ಬಿಯನ್ನು ನನ್ನ ಕೈಗಿತ್ತು ಆಮ್ಲಜನಕದ ನಳಿಕೆಯ ಕಡೆ ಓಡಿದರು.

ತಳದ ಚೀಟಿಯ ಮೂಲೆಯಲ್ಲಿ ಹದಿನೇಳು ಎಂದಿತ್ತು.

ಇಪ್ಪತ್ತಾರು ಗಂಟೆಯ ಮೇಲೆ ಗುಲಾಬಿ ಕಣ್ಣು ಬಿಟ್ಟಳು. ನೀರು ಕೇಳಿದಳು. ಅಕ್ಕ ಅತ್ತದ್ದು ಆಗಲೇ, ಅದಕ್ಕೆ ಮುಂಚೆ ಅಲ್ಲ.

ಮಗು ಮನೆಗೆ ಬಂದ ಮರುದಿನವೇ ಊರಸಭೆಯವರು ಬಂದರು. ಸುದ್ದಿ ಅಷ್ಟರಲ್ಲಿ ಊರು ತುಂಬಿತ್ತು. ಯಾರ ತಪ್ಪು ಎಂದು ತೀರ್ಮಾನವಾಗಬೇಕಲ್ಲ. ನಮ್ಮಲ್ಲಿ ವಾದ, ವಕೀಲ ಇಲ್ಲ. ತಪ್ಪಿನ ಮಾತನ್ನು ಕಾಗದದ ಮೇಲೆ ಬರೆದು ಆಪಾದಿತರ ಬಾಗಿಲಿಗೆ ಹಚ್ಚುತ್ತಾರೆ. ಮೂರು ಸಲ ಅವಕಾಶ. ಮೂರೂ ಬಿದ್ದರೆ ಬಿಡುಗಡೆ. ಒಂದು ಅಂಟಿದರೂ ಶಿಕ್ಷೆ. ತಾಯಿಯ ಮೇಲೆ ಅಂಟಿದರೆ ಮೂರು ದಿನದೊಳಗೆ ಮಗುವನ್ನು ಸಭೆಯ ಬಾಲಗೃಹಕ್ಕೆ ಒಪ್ಪಿಸಬೇಕು. ಅಲ್ಲಿಂದ ಹದಿನೆಂಟು ತುಂಬುವ ತನಕ ಮನೆಗೆ ಬಿಡುವುದಿಲ್ಲ. ಅಂಥ ಬಾಗಿಲಿನ ಮನೆಗೆ ಇನ್ನು ಬೇರೆಯವರು ತಮ್ಮ ಮಕ್ಕಳನ್ನು ಕಳಿಸುತ್ತಾರೆಯೇ?

ಕರಣಿಕ ವಿರುಪಣ್ಣ ಮೊದಲ ಹಾಳೆ ಹಚ್ಚಿದ. 'ಈ ತಾಯಿ ಬೇಕೆಂದೇ ಮಗುವಿಗೆ ಭಂಗಿ ತಿನ್ನಿಸಿದಳು.' ಕೈ ತೆಗೆಯುವ ಮೊದಲೇ ಬಿತ್ತು. ಗುಂಪಿನಲ್ಲಿ ಯಾರೋ ಉಸಿರು ಬಿಟ್ಟರು. ಎರಡನೆಯದು: 'ಈ ತಾಯಿಗೆ ಮಗುವಿನ ಮೇಲೆ ಗಮನವಿಲ್ಲ.' ಅದು ಸ್ವಲ್ಪ ಹೊತ್ತು ತೂಗಾಡಿ ಬಿತ್ತು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಗ ಸದಾನಂದಯ್ಯ ಮುಂದೆ ಬಂದು ವಿರುಪಣ್ಣನ ಕಿವಿಯಲ್ಲಿ ಏನೋ ಹೇಳಿದರು. ಅವನು ನಿಧಾನವಾಗಿ, ಅಂದವಾಗಿ ಬರೆದ. 'ಈ ಮನೆಯವರು ಡಬ್ಬಿಯ ಚೀಟಿ ಓದದೆ ಮಗುವಿಗೆ ತಿನ್ನಲು ಕೊಟ್ಟರು.'

ಅಂಟಿತು. ವಿರುಪಣ್ಣ ಮೂಲೆ ಹಿಡಿದು ಜಗ್ಗಿ ತೋರಿಸಿದ. ಬಾಗಿಲೇ ಅಲುಗಾಡಿತು, ಹಾಳೆ ಅಲುಗಲಿಲ್ಲ.

"ನೋಡಮ್ಮ, ನಾವು ಎಚ್ಚರಿಕೆ ಹಾಕಿದ್ವಿ. ಓದ್ಕೊಳ್ಳೋದು ನಿಮ್ಮ ಧರ್ಮ" ಎಂದರು ಸದಾನಂದಯ್ಯ, ಅಕ್ಕನಿಗೆ ಬುದ್ಧಿ ಹೇಳುವವರಂತೆ. "ನನಗೂ ಬೇಜಾರೇ. ಶುಕ್ರವಾರ ಗಾಡಿ ಬರ್ತದೆ, ಮಗೂನ ತಯಾರು ಮಾಡಿಡು."

ಅವರೆಲ್ಲ ಹೋದ ಮೇಲೆ ನಾನು ಹಾಳೆಯನ್ನು ಉಗುರಲ್ಲಿ ಕೆರೆದೆ, ನೀರು ಸೋಕಿಸಿದೆ, ಚೂರಿ ಹಾಕಿದೆ. ಅಕ್ಕ ನನ್ನ ಕೈ ಹಿಡಿದಳು.

"ಬಿಡೇ ದುರುಗಿ. ಬರ್ದಿರೋದು ಸುಳ್ಳಾ? ನಾನು ಓದ್ಲಿಲ್ಲ. ಓದಾಕೆ ನಂಗೆ ಬಂದಿದ್ರೆ ತಾನೆ?"

"ನಂಗೆ ಬರ್ತಿತ್ತಲ್ಲೇ ಅಕ್ಕ. ನಂಗೆ ಬರ್ತಿತ್ತು. ಆ ಡಬ್ಬಿಗೆ ಹಚ್ಚಿದ್ದು ನಾನು."

ಅಕ್ಕ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರವಾಗುತ್ತಿತ್ತು. "ಹಂಗಾರೆ ಅಳ್ತಾ ಕೂರಬ್ಯಾಡ. ಏನಾರ ಮಾಡು" ಎಂದಳು.

ಸಂಜೆ ಇಮಾಂಸಾಬಣ್ಣನ ಅಂಗಡಿಗೆ ಹೋದೆ. ಅವನು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಎಲ್ಲ ಹೇಳಿದೆ. ಬೈದೆ, ಸಭೆಯನ್ನು, ಮಾಲೀಕರನ್ನು, ಊರನ್ನು. ಅವನು ಕೆಲಸ ನಿಲ್ಲಿಸದೆ ಕೇಳಿಸಿಕೊಂಡು ಅಂದ:

"ಬೈಗುಳ ಆಯ್ತಲ್ಲ. ಈಗ ಆ ಮಾತು ಹೇಳು, ಬಾಗಿಲ ಮ್ಯಾಲಿಂದು. ಅಕ್ಷರ ಬಿಡದಂಗೆ."

ಹೇಳಿದೆ. ಈ ಮನೆಯವರು ಡಬ್ಬಿಯ ಚೀಟಿ ಓದದೆ ಮಗುವಿಗೆ ತಿನ್ನಲು ಕೊಟ್ಟರು.

"ಇದು ಈ ಊರಾಗೆ ಯಾರ ಬಾಗಿಲಿಗೆ ಅಂಟಾಕಿಲ್ಲ? ಒಂದು ಮನೆ ಹೆಸರೇಳು."

ಬೀದಿ ಬೀದಿಯ ಮನೆಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಒಂದು ಮನೆಯೂ ಹೊಳೆಯಲಿಲ್ಲ. ಅವನು ತೇಪೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ನಕ್ಕ. "ಅವರು ಒಂದು ನಿಜ ಆರಿಸ್ಕೊಂಡು ಒಂದು ಬಾಗಿಲಿಗೆ ಹಚ್ಯಾರೆ. ಮಿಕ್ಕಿದ್ದು ಹಚ್ಚೋರು ಯಾರವ್ವ? ಗೋಂದಿನ ಬಕೀಟು ನಿಮ್ಮ ಕೈಯಾಗೇ ಐತೆ."

ಮರುದಿನ ಬೆಳಿಗ್ಗೆ ಚೀಟಿ ಕೋಣೆಯಲ್ಲಿ ಗಂಟೆ ಹೊಡೆದಾಗ ನಾನು ಕೂರಲಿಲ್ಲ. ಒಂದು ಹಾಳೆಯ ಮೇಲೆ ಬರೆದು ನನ್ನ ಮಣೆಯ ಎದುರಿನ ಗೋಡೆಗೆ ಹಚ್ಚಿ, ಎಲ್ಲರೂ ಕೇಳುವಂತೆ ಓದಿದೆ. 'ಗುಲಾಬಿ ತಿಂದ ಡಬ್ಬಿಯ ಚೀಟಿಯನ್ನು ಓದದೆ ಅಂಟಿಸಿದವಳು ಹದಿನೇಳನೇ ಮಣೆಯ ದುರುಗಮ್ಮ.' ಹಾಳೆ ಸುಣ್ಣದ ಗೋಡೆಗೆ ಕಚ್ಚಿಕೊಂಡಿತು. ಇವತ್ತಿಗೂ ಅಲ್ಲಿದೆ, ಹೋಗಿ ನೋಡಬಹುದು.

ಮೂವತ್ತೊಂಬತ್ತು ಕೈಗಳು ನಿಂತವು. ಒಂದನೇ ಮಣೆಯ ಬೋರಕ್ಕ, ಮೂವತ್ತು ವರ್ಷದಿಂದ ಅಲ್ಲಿ ಕೂತು ಬೆನ್ನು ಬಿಲ್ಲಾದವಳು, ಎಲೆಯಡಿಕೆ ಉಗಿದು ಬಂದಳು. ಅವಳ ಮೂವರು ಮೊಮ್ಮಕ್ಕಳು ಬೆಳೆದದ್ದು ಅಕ್ಕನ ಮನೆಯಲ್ಲೇ.

"ಅಲ್ಲ ಕಣಮ್ಮಿ, ತಳದ ಚೀಟಿಯಾಗೆ ಅಂಥಾದ್ದೇನೈತೆ? ನಾನು ತಯಾರಾದ ತಾರೀಕು ಅಂದ್ಕಂಡಿದ್ದೆ."

ಓದಿ ಹೇಳಿದೆ.

"ಹಿತವಾಗಲಾರದು ಅಂದ್ರೆ?"

"ಅಂದ್ರೆ ಏನೂ ಅಲ್ಲ ಬೋರಕ್ಕ. ಎಷ್ಟು ಹೊತ್ತಿಗೆ ಏರ್ತದೆ, ಯಾರು ತಿನ್ಬಾರ್ದು, ತಿಂದ್ರೆ ಏನಾಗ್ತದೆ, ಒಂದೂ ಇಲ್ಲ. ಸುಳ್ಳಲ್ಲ ಅಷ್ಟೇ."

"ಓಹೋ. ನಮ್ಮನೆಯವ್ರು ಇದ್ದಂಗೆ. ಬದುಕಿರೋತಂಕ ಒಂದು ಸುಳ್ಳೇಳ್ಲಿಲ್ಲ, ಎಲ್ಲಿಗೋಗ್ತಾರೆ ಅಂತ್ಲೂ ಹೇಳ್ಲಿಲ್ಲ."

ಕೋಣೆ ನಕ್ಕಿತು. ಬೋರಕ್ಕ ನಗಲಿಲ್ಲ. ತನ್ನ ಗೋಂದಿನ ಬಕೆಟ್ಟು ಎತ್ತಿಕೊಂಡಳು. "ಎಲ್ಲಿಂದ ಸುರು? ನಮ್ಮನೆಯಿಂದ್ಲೇ ಹಚ್ಚಿ. ನನ್ನ ಮೊಮ್ಮಕ್ಳಿಗೆ ನಾನೇನು ಓದಿ ಕೊಟ್ಟಿದೀನಾ?"

ಹಾಡುಹಗಲು ನಲವತ್ತು ಹೆಂಗಸರು ಬಕೆಟ್ಟು, ಕುಂಚ ಹಿಡಿದು ಹೊರಬಿದ್ದೆವು. ಇಮಾಂಸಾಬಣ್ಣನೂ ಓದು ಬಳಗದವರೂ ಹಾಳೆ ಬರೆದು ಬರೆದು ಕೊಟ್ಟರು. ಒಂದೇ ಮಾತು, ವಿರುಪಣ್ಣ ಬರೆದ ಅದೇ ಮಾತು, ಮಗುವಿಗೆ ಎಂಬಲ್ಲಿ ಮಕ್ಕಳಿಗೆ ಎಂದು ಮಾತ್ರ ಬದಲಾಯಿಸಿ. ಬೋರಕ್ಕನ ಬಾಗಿಲಿಗೆ ಅಂಟಿತು. ನನ್ನ ಬಾಗಿಲಿಗೆ ಅಂಟಿತು. ನನಗೆ ಮಕ್ಕಳಿಲ್ಲ, ಆದರೆ ಗುಲಾಬಿಗೆ ನಾನು ಎಷ್ಟು ಸಲ ಮಿಠಾಯಿ ಕೊಟ್ಟಿಲ್ಲ? ಕಮ್ಮಾರರ ಬೀದಿ, ನೇಕಾರರ ಬೀದಿ, ಗುಡಿಯ ಪೂಜಾರಿ, ಮಸೀದಿಯ ಮುಲ್ಲಾ, ಶಾಲೆಯ ಮೇಷ್ಟರು. ಮೇಷ್ಟರು ಬಾಗಿಲಿಗೆ ಅಡ್ಡ ನಿಂತು, "ನಾನು ಓದಿದವನು ಕಣ್ರಮ್ಮ, ನನ್ನ ಬಾಗಿಲಿಗೆ ನಿಲ್ಲಲ್ಲ" ಎಂದರು. ಹಚ್ಚಿದೆವು. ನಿಂತಿತು. ಅವರು ಅದನ್ನು ಎರಡು ಸಲ ಜಗ್ಗಿ, ಒಳಗೆ ಹೋಗಿ ಕದ ಹಾಕಿಕೊಂಡರು. ಎರಡೇ ಎರಡು ಕಡೆ ಬಿತ್ತು. ಒಂದು, ಡಾಕ್ಟರಮ್ಮನ ಮನೆ. ಇನ್ನೊಂದು, ಮಕ್ಕಳು ಕಾಲಿಡದ ಒಂಟಿ ಮುದುಕಪ್ಪನ ಗುಡಿಸಲು. "ನಮ್ಮನೇಲಿ ಯಾಕೆ ನಿಲ್ಲಲಿಲ್ಲ, ನಾನೇನು ತಪ್ಪು ಮಾಡ್ದೆ" ಎಂದು ಮುದುಕಪ್ಪ ಗಾಬರಿಯಾದ.

ಮೂರನೇ ದಿನ, ಶುಕ್ರವಾರ ಮಧ್ಯಾಹ್ನ, ಸದಾನಂದಯ್ಯನವರ ತೇಗದ ಬಾಗಿಲ ಮುಂದೆ ನಿಂತೆವು. ಅವರ ಸೊಸೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೊರಬಂದಳು. ಮಗುವಿನ ಕೈಯಲ್ಲಿ ಬಿಸ್ಕತ್ತಿತ್ತು.

"ಅದರ ಪೊಟ್ಟಣದ ಮೇಲೇನು ಬರ್ದೈತಮ್ಮ?" ಎಂದು ಕೇಳಿದಳು ಬೋರಕ್ಕ, ಮೃದುವಾಗಿಯೇ.

ಆ ಹುಡುಗಿ ಬಿಸ್ಕತ್ತನ್ನು ನೋಡಿದಳು, ನಮ್ಮನ್ನು ನೋಡಿದಳು. ಬಿಸ್ಕತ್ತನ್ನು ಮಗುವಿನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಮಗು ಅತ್ತಿತು. ಅವಳು ತಾನೇ ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟುಕೊಟ್ಟಳು. ಹಾಳೆ ತೇಗಕ್ಕೆ ಕಚ್ಚಿಕೊಂಡ ರಭಸಕ್ಕೆ ಬೋಲ್ಟು ಕಟಕಟ ಎಂದಿತು.

ಕೊನೆಗೆ ಉಳಿದದ್ದು ಊರಸಭೆಯ ಕಟ್ಟಡ. ಅದಕ್ಕೆ ಇಮಾಂಸಾಬಣ್ಣ ಬೇರೆ ಮಾತು ಬರೆದಿದ್ದ. ಗಾಡಿ ಆಗಲೇ ಬಂದು ಅಕ್ಕನ ಮನೆಗೆ ಹೊರಡಲು ಅಂಗಳದಲ್ಲಿ ನಿಂತಿತ್ತು. ಅಧ್ಯಕ್ಷರು, ವಿರುಪಣ್ಣ, ಸದಾನಂದಯ್ಯ ಮೆಟ್ಟಿಲ ಮೇಲಿದ್ದರು. ನಮ್ಮ ಹಿಂದೆ ಊರೇ ಇತ್ತು. ಎರಡು ದಿನದಿಂದ ಎಲ್ಲರೂ ತಂತಮ್ಮ ಬಾಗಿಲ ಮುಂದೆ ನಿಂತು, "ಏನಂತ ಬರ್ದೈತಿ, ಓದ್ರವ್ವ ಯಾರಾದ್ರೂ" ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದರು. ಕೇಳಿ ಕೇಳಿ ಆ ಒಂದು ಸಾಲು ಊರಿಗೆ ಬಾಯಿಪಾಠವಾಗಿತ್ತು.

"ನೀವು ಕಾನೂನು ಕೈಗೆ ತಗೋತಿದೀರಿ" ಎಂದರು ಅಧ್ಯಕ್ಷರು.

"ಗೋಂದು ತಗೊಂಡಿದೀವಿ ಸ್ವಾಮಿ" ಎಂದೆ. "ಕಾನೂನು ನಿಮ್ದೇ. ಅಂಟಿದ್ರೆ ನಿಜ."

ಹಚ್ಚಿದೆ. ಓದಿದೆ. 'ಈ ಸಭೆ ಎಚ್ಚರಿಕೆಯ ಚೀಟಿಯನ್ನು ಓದದೆ, ಜಗ್ಗಿ ನೋಡಿ ಭಂಗಿ ಬರ್ಫಿಗೆ ಪರವಾನಗಿ ಕೊಟ್ಟಿತು.'

ಅಧ್ಯಕ್ಷರು ಬಾಗಿಲನ್ನು ನೋಡುತ್ತಿದ್ದರು. ನನಗೆ ಗೊತ್ತು, ಅದು ಬೀಳಲಿ ಎಂದು ಅವರು ಬೇಡುತ್ತಿದ್ದರು. ನಾನೂ ಹೆದರಿದ್ದೆ. ಒಬ್ಬ ಸದಸ್ಯನಾದರೂ ಅವತ್ತು ಡಬ್ಬಿ ತಿರುಗಿಸಿ ಓದಿದ್ದರೆ ನಮ್ಮ ಮಾತು ಬೀಳುತ್ತಿತ್ತು, ಗುಲಾಬಿ ಗಾಡಿ ಹತ್ತುತ್ತಿದ್ದಳು. ಹಾಳೆ ನಿಂತೇ ಇತ್ತು. ವಿರುಪಣ್ಣ ಅಭ್ಯಾಸಬಲದಿಂದ ಮುಂದೆ ಬಂದು ಮೂಲೆ ಹಿಡಿದ, ಜಗ್ಗಿದ, ಕೈ ಬಿಟ್ಟ.

ಬೋರಕ್ಕ ಮೆಟ್ಟಿಲಿಗೆ ಬೆನ್ನು ಆನಿಸಿ ಕೂತು ಕೇಳಿದಳು. "ಗಾಡಿ ಒಂದೇ ಐತಲ್ಲ ಸ್ವಾಮಿ, ಸಾಕಾಗ್ತದಾ? ಊರ ಮಕ್ಕಳೆಲ್ಲ ಹೋಗ್ಬೇಕು ಈಗ. ನಿಮ್ಮ ಮೊಮ್ಮಗನ ಬಟ್ಟೆಗಂಟು ಕಟ್ಸಿದೀರಾ? ಸದಾನಂದಯ್ಯೋರೇ, ನಿಮ್ಮದು ಇನ್ನೂ ಮೊಲೆ ಬಿಟ್ಟಿಲ್ಲ ಕಣ್ರೀ, ತಾಯೀನೂ ಜತೆಗೆ ಕಳಿಸಿ."

ಗುಂಪು ನಗಲಿಲ್ಲ. ತಾಯಂದಿರು ಮೆಟ್ಟಿಲ ಹತ್ತಿರ ಹತ್ತಿರ ಬಂದರು. ಅಧ್ಯಕ್ಷರು ಗಾಡಿಯವನಿಗೆ ಕೈಸನ್ನೆ ಮಾಡಿದರು. ಗಾಡಿ ಬರಿದೇ ಹೋಯಿತು.

ಅಷ್ಟಕ್ಕೇ ಮುಗಿಯಿತೆಂದು ಮನೆಗೆ ಹೋಗುವವರು ನಾವಲ್ಲ. ಅಲ್ಲೇ ಕೂತು ಹೇಳಿದೆವು: ಭಂಗಿ ಬರ್ಫಿಗೆ ಬೇರೆ ಬಣ್ಣದ ಡಬ್ಬಿ. ಎಚ್ಚರಿಕೆ ಮುಚ್ಚಳದ ಮೇಲೆ, ದೊಡ್ಡ ಅಕ್ಷರದಲ್ಲಿ, ಮನೆಮಾತಿನಲ್ಲಿ. ಮಾತು ಹೇಳಿ ಬರೆಸುವವಳು ಹೊನ್ನಮ್ಮ. ಸದಾನಂದಯ್ಯ ಒಂದು ವಾರ ಕೊಸರಾಡಿದರು. 'ಮಕ್ಕಳಿಗೆ ತೊಂದರೆಯಾದರೂ ಆಗಬಹುದು' ಎಂದು ಬರೆಸಿ ಕಳಿಸಿದರು. ನಾವು ಕೈ ಕಟ್ಟಿ ಕೂತೆವು. 'ವೈದ್ಯರ ಸಲಹೆ ಪಡೆಯಿರಿ' ಎಂದು ಕಳಿಸಿದರು. ಕೂತೇ ಇದ್ದೆವು. ಚೀಟಿಯಿಲ್ಲದ ಡಬ್ಬಿಗಳು ಗೋದಾಮಿನ ಸೂರಿಗೆ ಮುಟ್ಟಿದವು. "ನಿಮ್ಮಿಂದ ಕಾರ್ಖಾನೆ ಮುಳುಗ್ತದೆ" ಎಂದರು. "ಒಂದು ಮಗು ಮುಳುಗಿ ಎದ್ದೈತೆ, ಕಾರ್ಖಾನೆನೂ ಏಳ್ತದೆ ಬಿಡಿ" ಎಂದಳು ಅಕ್ಕ. ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಆ ವಾರವೆಲ್ಲ ಸಂಜೆ ಅಕ್ಕ ನನ್ನ ಪಕ್ಕ ಕೂತು ಅಕ್ಷರ ಕಲಿತಳು. ಕಲಿಯಬೇಡ ಅಂದಿದ್ದರೂ ಕಲಿಯುತ್ತಿದ್ದಳು. ಹಗಲು ಹನ್ನೆರಡು ಮಕ್ಕಳೂ ಮತ್ತೆ ಅವಳ ಮನೆಗೇ ಬಂದವು. ಬಾಗಿಲ ಮೇಲಿನ ಹಾಳೆ ಅಲ್ಲೇ ಇದೆ, ಎಲ್ಲರ ಬಾಗಿಲ ಮೇಲಿರುವಂತೆ. ಮುಚ್ಚಲು ಪರದೆ ಹಾಕೋಣವೆಂದರೆ ಬೇಡವೆಂದಳು.

ಸೋಮವಾರ ಹೊಸ ಚೀಟಿಗಳ ಕಟ್ಟು ಬಂತು. ಕೆಂಪು ಡಬ್ಬಿಗಳು ಬಂದವು. ಓದದೆ ಒಂದೂ ಅಂಟಿಸುವುದಿಲ್ಲ ಎಂದು ನಾವು ಗೋಡೆಗೆ ಬರೆದು ಹಚ್ಚಿದ್ದೆವು, ಅದು ನಿಲ್ಲುವಂತೆ ನಡೆದುಕೊಳ್ಳುವುದೇ ಇನ್ನು ದಿನದಿನದ ಕೆಲಸ. ಹೊನ್ನಮ್ಮ ಗುಲಾಬಿಯನ್ನು ಎತ್ತಿಕೊಂಡು ಕೋಣೆಯ ನಡುವೆ ನಿಂತಳು. ಕೈಯಲ್ಲಿ ಮೊದಲ ಚೀಟಿ. ಸದಾನಂದಯ್ಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ನಲವತ್ತು ಕುಂಚಗಳಿಂದ ಗೋಂದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಇ-ದ-ರ-ಲ್ಲಿ" ಎಂದು ಅಕ್ಕ ಬೆರಳಿಟ್ಟು ಓದಿದಳು. "ಇದರಲ್ಲಿ ಭಂ... ಭಂಗಿ ಇದೆ. ತಿಂದ ಕೂಡಲೆ ಏ... ಏರುವುದಿಲ್ಲ. ಒಂದು, ಎರಡು ಗಂಟೆ ಬೇಕು. ಏರಲಿಲ್ಲ ಎಂದು ಇ... ಇನ್ನೊಂದು ತಿನ್ನ ಬೇಡಿ. ಬಸುರಿ, ಬಾ..."

'ಣ' ಅಕ್ಷರದ ಮೇಲೆ ನಿಂತಳು; ಮಾತು ತನ್ನದೇ ಆದರೂ ಓದದೆ ಹೇಳುವವಳಲ್ಲ. ಸದಾನಂದಯ್ಯ ಕೆಮ್ಮಿದರು. "ಯಾರಾದ್ರೂ ಬೇಗ ಓದಿ ಮುಗಿಸ್ರಮ್ಮ, ಲಾರಿ ಕಾಯ್ತಾ ಐತೆ."

ನನ್ನ ನಾಲಿಗೆಯ ತುದಿಗೆ ಬಂದಿತ್ತು ಆ ಪದ. ನುಂಗಿಕೊಂಡೆ. ನಲವತ್ತು ಜನರಲ್ಲಿ ಒಬ್ಬರೂ ಹೇಳಿಕೊಡಲಿಲ್ಲ.

"ಬಾಣಂತಿ" ಎಂದಳು ಅಕ್ಕ. "ಬಸುರಿ, ಬಾಣಂತಿ ತಿನ್ನ ಬೇಡಿ. ತಿಂದು ಗಾಡಿ ಓಡಿಸ ಬೇಡಿ. ಮಕ್ಕಳ ಕೈಗೆ ಎಟುಕದಂತೆ ಇಡಿ. ನಾಲ್ಕು ವರ್ಷದ ಮಗು ಎರಡು ತುಂಡು ತಿಂದು ಇಪ್ಪತ್ತಾರು ಗಂಟೆ ಎಚ್ಚರ ತಪ್ಪಿತ್ತು. ಮಗು ತಿಂದರೆ ಕಾಯ ಬೇಡಿ. ಈ ಡಬ್ಬಿ ಹಿಡಿದು ಆಸ್ಪತ್ರೆಗೆ ಓಡಿ."

ಲಾರಿ ಎರಡು ಸಲ ಹಾರನ್ ಹೊಡೆಯಿತು. ಅಕ್ಕ ತಲೆ ಎತ್ತಲಿಲ್ಲ. ಬೆರಳನ್ನು ಮತ್ತೆ ಮೊದಲ ಅಕ್ಷರಕ್ಕೆ ತಂದಿಟ್ಟು, "ಇನ್ನೊಂದ್ಸಲ ಓದ್ತೀನಿ, ಸರಿಯಾಗಿ ಕೇಳಿಸ್ಕಳ್ರಿ" ಎಂದಳು. ನಾವು ಕಾದೆವು.